ಅಂಟಿಸುವ ಕೈ, ಉತ್ತರ ಹೇಳುವ ಬಾಯಿ

ಏಪ್ರಿಲ್ ತಿಂಗಳು ಕಾಲಿಟ್ಟಿತೆಂದರೆ ಸಾಕು, ನಮ್ಮ ರಾಯಚೂರಿನಲ್ಲಿ ಕಾರು ಇರುವ ಮನೆಗಳಲ್ಲೆಲ್ಲ ಒಂದು ಚರ್ಚೆ ಎದ್ದೇ ಏಳುತ್ತದೆ. ಬಿಸಿಲು 40 ಡಿಗ್ರಿ ದಾಟಿದೆ, ಸೀಟು ಕಾದ ಹಂಚಿನಂತಾಗಿದೆ, ಸ್ಟಿಯರಿಂಗ್ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಆದ್ದರಿಂದ ಗಾಜಿಗೆ ಫಿಲ್ಮ್ ಹಾಕಬೇಕು. ಇಲ್ಲಿಯವರೆಗೆ ಎಲ್ಲರದೂ ಒಮ್ಮತ. ಮುಂದಿನ ಪ್ರಶ್ನೆಗೆ ಮನೆ ಎರಡು ಪಕ್ಷವಾಗುತ್ತದೆ. ಅಂಗಡಿಗೆ ಕೊಟ್ಟು ಹಾಕಿಸುವುದೋ, ರೋಲು ತಂದು ನಾವೇ ಅಂಟಿಸುವುದೋ?

ನಾವೇ ಅಂಟಿಸೋಣ ಎನ್ನುವವರ ಲೆಕ್ಕ ಬಹಳ ಸರಳ. ನಮ್ಮ ಮನೆಯಲ್ಲಿ ಆ ಲೆಕ್ಕವನ್ನು ಹೀಗೆ ಮಂಡಿಸಲಾಯಿತು: ಅಂಗಡಿಯವನು ಕೇಳುವುದು 6,000 ರೂಪಾಯಿ, ರೋಲಿನ ಬೆಲೆ 700 ರೂಪಾಯಿ, ಸೋಪಿನ ನೀರು ಮನೆಯಲ್ಲೇ ಇದೆ, ಹೇಗೆ ಅಂಟಿಸಬೇಕೆಂದು ಮೊಬೈಲಿನಲ್ಲಿ ವಿಡಿಯೋ ಇದೆ, ಭಾನುವಾರ ಹೇಗೂ ರಜೆ. ಉಳಿತಾಯ 5,300. ಕೇಳಿದರೆ ಯಾರಿಗೂ ಹೌದಲ್ಲ ಎನ್ನಿಸುತ್ತದೆ.

ಇಪ್ಪತ್ತೆಂಟು ವರ್ಷ ಪಾಠ ಹೇಳಿದವಳಿಗೆ ಸುತ್ತಿ ಬಳಸಿ ಮಾತಾಡಲು ಬಾರದು. ಆದ್ದರಿಂದ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಫಿಲ್ಮ್ ಹಾಕಲೇಬೇಕೆಂದಿದ್ದರೆ ಅದು ಬಲ್ಲವರ ಕೆಲಸ, ಮನೆಯ ಅಂಗಳದ ಕೆಲಸವಲ್ಲ. ಹಾಗೆಂದು ಬೋರ್ಡು ತೂಗುಹಾಕಿದವರೆಲ್ಲ ಬಲ್ಲವರೂ ಅಲ್ಲ. ತಾನು ಮಾಡಿದ ಕೆಲಸಕ್ಕೆ ಉತ್ತರ ಹೇಳುವವನು, ಮಾಡಬಾರದ್ದನ್ನು ಕೇಳಿದಾಗ "ಆಗುವುದಿಲ್ಲ" ಎನ್ನುವವನು ಮಾತ್ರ ಕಸುಬುದಾರ. ಅಂಥವನು ಸಿಗಲಿಲ್ಲವೋ, ಗಾಜು ಕಂಪನಿಯಿಂದ ಬಂದ ಹಾಗೇ ಇರಲಿ. ಈ ಮಾತನ್ನು ಒಪ್ಪದವರು ಬಹಳ ಜನರಿದ್ದಾರೆ. ಅವರಿಗಾಗಿಯೇ ಈ ಬರಹ.

ಮೊದಲು ಆ ಕೆಲಸ ಎಂಥದ್ದು ಎಂದು ನೋಡೋಣ. ಫಿಲ್ಮ್ ಎಂದರೆ ಪಾಲಿಯೆಸ್ಟರಿನ ತೆಳುವಾದ ಹಾಳೆ, ಒಂದು ಮೈಗೆ ಅಂಟು. ಅದನ್ನು ಗಾಜಿನ ಒಳಮೈಗೆ ಹಚ್ಚಬೇಕು. ಗಾಜಿನ ಮೇಲೆ ಒಂದು ಕಣ ಧೂಳಿದ್ದರೂ ಅದು ಒಳಗೇ ಸಿಕ್ಕಿಕೊಂಡು, ಅನ್ನದಲ್ಲಿಯ ಕಲ್ಲಿನಂತೆ ದಿನಾ ಕಾಣುತ್ತದೆ. ನಮ್ಮ ಊರಿನಲ್ಲಿ ಬೇಸಿಗೆಯ ಗಾಳಿಗೆ ಧೂಳಿಲ್ಲದ ಅಂಗಳ ಎಲ್ಲಿದೆ? ಕಾರಿನ ಹಿಂದಿನ ಗಾಜು ಎರಡು ದಿಕ್ಕಿನಲ್ಲಿ ಬಾಗಿರುತ್ತದೆ. ಚಪ್ಪಟೆ ಹಾಳೆ ಅದರ ಮೇಲೆ ಸುಮ್ಮನೆ ಕೂಡುವುದಿಲ್ಲ. ಬಿಸಿಗಾಳಿಯ ಗನ್ನಿನಿಂದ ಹಿತವಾಗಿ ಕಾಯಿಸಿ, ಕುಗ್ಗಿಸಿ, ಗಾಜಿನ ಮೈಗೆ ಒಗ್ಗಿಸಬೇಕು. ಕಡಿಮೆ ಕಾದರೆ ಸುಕ್ಕು, ಹೆಚ್ಚು ಕಾದರೆ ಹಾಳೆ ಹಾಳು. ಆ ಗಾಜಿನ ಮೇಲೆ ಮಂಜು ಕರಗಿಸುವ ಸಣ್ಣ ಸಣ್ಣ ಗೆರೆಗಳಿರುತ್ತವಲ್ಲ, ಅವು ವಿದ್ಯುತ್ ಹರಿಯುವ ದಾರಿಗಳು. ಅಂಟಿಸಿದ್ದು ಸರಿಹೋಗಲಿಲ್ಲವೆಂದು ಹಾಳೆಯನ್ನು ಜಗ್ಗಿ ಕಿತ್ತರೆ ಅವೂ ಕಿತ್ತು ಬರುತ್ತವೆ. ಒಂದು ಗೆರೆ ತುಂಡಾದರೆ ಆ ಸಾಲು ಕೆಲಸ ಮಾಡುವುದಿಲ್ಲ. ಬ್ಲೇಡು ಜಾರಿದರೆ ಗಾಜಿನ ಸುತ್ತಲಿನ ರಬ್ಬರು ಸೀಳುತ್ತದೆ, ಮೊದಲ ಮಳೆಗೆ ನೀರು ಒಳಗೆ ಬರುತ್ತದೆ. ಇಷ್ಟೆಲ್ಲ ಆದಮೇಲೂ ಮೂರು ನಾಲ್ಕು ದಿನ ಕಿಟಕಿ ಇಳಿಸಬಾರದು. ಒಳಗಿನ ತೇವ ಆರಬೇಕು.

ನಮ್ಮ ಓಣಿಯಲ್ಲಿ ಒಬ್ಬರು ಕಳೆದ ಬೇಸಿಗೆಯಲ್ಲಿ ಇದನ್ನು ಮನೆಯಲ್ಲೇ ಮಾಡಿದರು. ಮೂರನೆಯ ತಿಂಗಳಿಗೆ ಗಾಜಿನ ತುಂಬ ಗುಳ್ಳೆಗಳು ಎದ್ದವು, ಬಣ್ಣ ನೇರಳೆಗೆ ತಿರುಗಿತು. ಅಗ್ಗದ ಫಿಲ್ಮಿನಲ್ಲಿ ಬಣ್ಣ ಮಾತ್ರ ಇರುತ್ತದೆ, ಬಿಸಿಲಿಗೆ ಆ ಬಣ್ಣ ಒಡೆದು ನೇರಳೆಯಾಗುತ್ತದೆ. ಅದನ್ನು ಕೀಳಿಸಿ ಅಂಟು ತೆಗೆಸಲು ಕೊನೆಗೆ ಅಂಗಡಿಗೇ ಹೋಗಬೇಕಾಯಿತು. 700 ರೂಪಾಯಿಯ ರೋಲು ಎಷ್ಟಕ್ಕೆ ಬಿತ್ತು ಎಂದು ನಾನು ಕೇಳಲಿಲ್ಲ. ನೆರೆಹೊರೆಯಲ್ಲಿ ಬಾಳಬೇಕಲ್ಲ!

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯನ್ನು ನಾವು ಮಕ್ಕಳಿಗೆ ಬರೆಸುತ್ತೇವೆ, ವಿಸ್ತರಿಸಿ ಬರೆಯಿರಿ ಎಂದು ಐದು ಅಂಕ ಕೊಡುತ್ತೇವೆ. ಆದರೆ ಕುಂಬಾರನ ವರುಷಕ್ಕೆ ಕೂಲಿ ಕೊಡುವ ಹೊತ್ತು ಬಂದಾಗ ಮಾತ್ರ ಮಡಕೆಯ ಮಣ್ಣಿನ ಬೆಲೆಯನ್ನಷ್ಟೇ ಲೆಕ್ಕ ಹಾಕುತ್ತೇವೆ. ಫಿಲ್ಮ್ ಅಂಟಿಸುವ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಯಾರದೋ ಅಂಗಡಿಯಲ್ಲಿ ನೂರಾರು ಗಾಜುಗಳ ಮೇಲೆ ಕೈ ಪಳಗಿಸಿರುತ್ತಾನೆ. ಅವನ ಕೂಲಿಯನ್ನು "ಉಳಿದದ್ದೆಲ್ಲ ಲಾಭ" ಎಂದು ಕರೆಯುವವರ ಮೇಲೆ ನನಗೆ ಸಿಟ್ಟು ಬರಲು ಕಾರಣವಿದೆ. "ಪಾಠ ಹೇಳುವುದೇನು ಮಹಾ, ಪುಸ್ತಕ ನೋಡಿ ಓದುವುದು ತಾನೆ? ಮನೆಯಲ್ಲಿ ನಾವೇ ಹೇಳಿಕೊಡಬಹುದು" ಎಂಬ ಮಾತನ್ನು ನಾವು ಶಿಕ್ಷಕಿಯರು ಎಷ್ಟು ಸಲ ಕೇಳಿಲ್ಲ? ನಮ್ಮ ಕಸುಬನ್ನು ಹಗುರ ಮಾಡುವವರನ್ನು ಕಂಡು ನೋಯುವ ನಾವು ಇನ್ನೊಬ್ಬರ ಕಸುಬನ್ನು ಹಗುರ ಮಾಡಬಹುದೇ?

ಇನ್ನು "ನಾವೇ ಮಾಡೋಣ" ಎಂಬ ಮಾತಿನ ವ್ಯಾಕರಣಕ್ಕೆ ಬರುತ್ತೇನೆ. ನಾನು ಕನ್ನಡದ ಮೇಡಂ. ಸರ್ವನಾಮ ಕಂಡರೆ ಬಿಡುವುದಿಲ್ಲ. ಈ "ನಾವು" ಯಾರು? ತಂಗಿಯರೇ, ನಿಮಗೆ ಗೊತ್ತು. ಗಾಜು ಒರೆಸುವವರು ಯಾರು? ಸೋಪಿನ ನೀರು ಕಲಸಿ ಬಾಟಲಿಗೆ ತುಂಬಿಸುವವರು ಯಾರು? ಬಿಸಿಲಿನಲ್ಲಿ ನಿಂತು ಹಾಳೆಯ ಎರಡು ತುದಿ ಹಿಡಿದುಕೊಂಡು, "ಅಲುಗಿಸಬೇಡ, ಅಲುಗಿಸಬೇಡ" ಎಂದು ಬೈಸಿಕೊಳ್ಳುವವರು ಯಾರು? ಸೀಟಿನ ಮೇಲೆ ಬಿದ್ದ ನೀರನ್ನು ಒರೆಸುವವರು, ಅಂಗಳದಲ್ಲಿ ಬಿದ್ದ ಹಾಳೆಯ ಚೂರುಗಳನ್ನು ಗುಡಿಸುವವರು ಯಾರು? ಮತ್ತು ಒಂದು ಗಂಟೆಗೆ ಅನ್ನ ಸಾರು ಬಡಿಸುವವರು? ಆ 5,300 ರೂಪಾಯಿಯ ಉಳಿತಾಯದಲ್ಲಿ ಹೆಂಡತಿಯ ಭಾನುವಾರದ ಬೆಲೆಯನ್ನು ಯಾರೂ ಕಳೆದಿಲ್ಲ. ವಾರದಲ್ಲಿ ಆರು ದಿನ ಶಾಲೆ, ಏಳನೆಯ ದಿನ ಬಟ್ಟೆ, ಹಿಟ್ಟು, ಉತ್ತರಪತ್ರಿಕೆ. ಅದರ ನಡುವೆ ಕಾರಿನ ಗಾಜೂ ಸೇರಲಿ ಎನ್ನುವುದು ಯಾವ ಸೀಮೆಯ ಉಳಿತಾಯ?

ಹೀಗೆಂದ ಮಾತ್ರಕ್ಕೆ ಮನೆಯಲ್ಲಿ ಕೈಯಾರೆ ಮಾಡುವುದನ್ನು ನಾನು ಜರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಹಪ್ಪಳ ಒತ್ತಿದವಳು, ಸೀರೆಗೆ ಫಾಲ್ ಹಚ್ಚಿದವಳು, ಪ್ರತಿ ಜೂನ್ ತಿಂಗಳಲ್ಲಿ ನೂರಾರು ಪುಸ್ತಕಗಳಿಗೆ ಬೈಂಡ್ ಹಾಕಿದವಳು ನಾನು. ಆದರೆ ಹಪ್ಪಳ ಹರಿದರೆ ಹರಿದ ಹಪ್ಪಳವನ್ನೇ ಕರಿದು ತಿನ್ನಬಹುದು. ಕಾರಿನ ಗಾಜು ಹಾಗಲ್ಲ. ಅದು ರಸ್ತೆಯನ್ನು ನೋಡುವ ಕಣ್ಣು. ಅದರಲ್ಲಿ ತಪ್ಪಾದರೆ ತೊಂದರೆ ಅನುಭವಿಸುವವರು ನಾವೊಬ್ಬರೇ ಅಲ್ಲ.

ಹಾಗಾದರೆ ಅಂಗಡಿಗೆ ಹೋದರೆ ಎಲ್ಲ ಸರಿಹೋಯಿತೇ? ಇಲ್ಲ. ಇಲ್ಲಿಂದ ಮುಂದೆ ಅಂಗಡಿಯವರ ಸರದಿ.

ಗಾಜಿನ ಮೂಲಕ ನೂರು ಪಾಲು ಬೆಳಕಿನಲ್ಲಿ ಎಷ್ಟು ಪಾಲು ದಾಟಿ ಬರುತ್ತದೆ ಎಂಬುದಕ್ಕೆ ಒಂದು ಅಳತೆಯಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯ ನಿಯಮ ಇದನ್ನು ಖಚಿತವಾಗಿ ಹೇಳಿದೆ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70 ಪಾಲು, ಪಕ್ಕದ ಗಾಜುಗಳಲ್ಲಿ ಕನಿಷ್ಠ 50 ಪಾಲು ಬೆಳಕು ದಾಟಬೇಕು. ಅಂಗಡಿಯವನು ರೋಲಿನ ಡಬ್ಬಿ ತೋರಿಸಿ "ಇದು 50ರ ಫಿಲ್ಮ್ ಮೇಡಂ, ಕಾನೂನು ಪ್ರಕಾರವೇ ಇದೆ" ಎನ್ನುತ್ತಾನೆ. ಇಲ್ಲಿ ಏಳನೆಯ ತರಗತಿಯ ಗಣಿತ ಸಾಕು. ಕಾರಿನ ಗಾಜು ಕಂಪನಿಯಿಂದ ಬರುವಾಗಲೇ ಎಲ್ಲ ಬೆಳಕನ್ನೂ ಬಿಡುವುದಿಲ್ಲ. 75 ಪಾಲು ಬಿಡುತ್ತದೆ ಎನ್ನಿ. ಅದರ ಮೇಲೆ 50ರ ಫಿಲ್ಮ್ ಹಾಕಿದರೆ ಆ 75ರಲ್ಲಿ ಅರ್ಧ, ಅಂದರೆ 37.5 ಪಾಲು ಮಾತ್ರ ಒಳಗೆ ಬರುತ್ತದೆ. ನಿಯಮ ಮುರಿಯಿತು. ಅದೇ ಗಾಜಿಗೆ 70ರ ಫಿಲ್ಮ್ ಹಾಕಿದರೆ 52.5, ಪಕ್ಕದ ಗಾಜಿಗೆ ಸರಿಹೋಯಿತು. ಆದರೆ ಅದನ್ನೇ ಹಿಂದಿನ ಗಾಜಿಗೆ ಹಾಕುವಂತಿಲ್ಲ. ಅಲ್ಲಿ ಬೇಕಾದದ್ದು 70. ಡಬ್ಬಿಯ ಮೇಲಿನ ಅಂಕಿ ಬೇರೆ, ನಿಮ್ಮ ಕಿಟಕಿಯ ಅಂಕಿ ಬೇರೆ. ಇದನ್ನು ಅಳೆಯಲು ಕೈಯಲ್ಲಿ ಹಿಡಿಯುವ ಸಣ್ಣ ಮೀಟರು ಬರುತ್ತದೆ. ಅದು ಇಲ್ಲದ, ಅಂಟಿಸುವ ಮೊದಲು ಗಾಜನ್ನು ಅಳೆಯದ ಅಂಗಡಿಗೂ ನಿಮ್ಮ ಅಂಗಳಕ್ಕೂ ವ್ಯತ್ಯಾಸ ಇಷ್ಟೇ: ಅಲ್ಲಿ ತಪ್ಪಿಗೆ 6,000 ರೂಪಾಯಿ ಕೊಡುತ್ತೀರಿ, ಇಲ್ಲಿ 700.

ಕಾನೂನಿನ ಕಥೆಯನ್ನೂ ತಿಳಿದುಕೊಂಡಿರುವುದು ಒಳ್ಳೆಯದು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಕಾರಿನ ಗಾಜಿನ ಮೇಲೆ ಕಪ್ಪು ಫಿಲ್ಮ್ ಹಾಕಬಾರದೆಂದು ತೀರ್ಪು ಕೊಟ್ಟಿತು. ಗಾಜು ತಯಾರಾಗುವಾಗಲೇ ಇರುವ ಬಣ್ಣಕ್ಕೆ ಮಿತಿಯೊಳಗೆ ಅವಕಾಶ, ಮೇಲಿನಿಂದ ಅಂಟಿಸುವುದಕ್ಕೆ ಇಲ್ಲ ಎಂಬುದು ಆಗಿನ ನಿಲುವು. ಆಮೇಲೆ 100ನೆಯ ನಿಯಮಕ್ಕೆ ತಿದ್ದುಪಡಿಯಾಗಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಆಧಾರದ ಮೇಲೆ 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು, 70 ಮತ್ತು 50ರ ಮಿತಿಗೆ ಒಳಪಟ್ಟ ಫಿಲ್ಮ್ ಹಾಕಿದವರಿಗೆ ದಂಡ ಹಾಕುವಂತಿಲ್ಲ ಎಂದಿತು. ಅಂಗಡಿಗಳಲ್ಲಿ ಈಗ "ಕೋರ್ಟೇ ಬಿಟ್ಟಿದೆ" ಎಂಬ ಮಾತು ಧಾರಾಳವಾಗಿ ಹರಿದಾಡುತ್ತಿದೆ. ಕೋರ್ಟು ಬಿಟ್ಟದ್ದು ಮಿತಿಯೊಳಗಿನ ಫಿಲ್ಮನ್ನು; ಕಾಡಿಗೆಯಂಥ ಕಪ್ಪನ್ನಲ್ಲ. ಅದೂ ಕೇರಳದ ಕೋರ್ಟು. ನಮ್ಮ ಸರ್ಕಲ್ಲಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದಾಗ ನಿಮ್ಮ ಬಳಿ ಬಿಲ್ಲು, ಫಿಲ್ಮಿನ ಪ್ರಮಾಣಪತ್ರ, ಗಾಜನ್ನೂ ಸೇರಿಸಿ ಅಳೆದ ಅಂಕಿ ಇರಬೇಕು. ಅಂಗಳದಲ್ಲಿ ಅಂಟಿಸಿದ ರೋಲಿಗೆ ಯಾವ ಕಾಗದವಿದೆ? ಮೋಟಾರು ವಾಹನ ಕಾಯ್ದೆಯ 177ನೆಯ ಕಲಮಿನಲ್ಲಿ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೆ 500 ರೂಪಾಯಿ, ಮತ್ತೆ ಸಿಕ್ಕಿದರೆ 1,500 ರೂಪಾಯಿವರೆಗೆ ದಂಡವಿದೆ. ನಮ್ಮ ಕಾರಿನ ಆರ್.ಸಿ. ಪುಸ್ತಕ ನನ್ನ ಹೆಸರಿನಲ್ಲಿದೆ, ಸಾಲದ ಕಂತು ನನ್ನ ಸಂಬಳದಲ್ಲಿ ಹೋಗುತ್ತದೆ, ದಂಡದ ಸಂದೇಶವೂ ನನ್ನ ಮೊಬೈಲಿಗೇ ಬರುತ್ತದೆ. ಉತ್ತರ ಹೇಳಬೇಕಾದವಳು ನಾನು. ಹಾಗಿರುವಾಗ ತೀರ್ಮಾನವೂ ನನ್ನದೇ ಆಗಬೇಡವೇ?

ಈಗ ನನ್ನ ಹೊಟ್ಟೆ ಉರಿಸಿದ ಮಾತಿಗೆ ಬರುತ್ತೇನೆ. "ಸ್ವಲ್ಪ ಕಪ್ಪಾದರೂ ಇರಲಿ ಮೇಡಂ, ಹೆಂಗಸರು ಓಡಾಡುವ ಗಾಡಿ ಅಲ್ಲವೇ, ಸೇಫ್ಟಿ." ಅಂಗಡಿಯವನೂ ಇದನ್ನೇ ಹೇಳಿದ, ಮನೆಗೆ ಬಂದ ನೆಂಟರೂ ಇದನ್ನೇ ಹೇಳಿದರು. ಗಂಡಸರಿಗೆ ಕಪ್ಪು ಗಾಜಿನ ಷೋಕಿ ಇದ್ದರೆ ಷೋಕಿ ಎಂದೇ ಹೇಳಲಿ. ಅದಕ್ಕೆ ನಮ್ಮ ಹೆಸರೇಕೆ?

ಕಪ್ಪು ಗಾಜಿನಿಂದ ಹೆಣ್ಣಿಗೆ ರಕ್ಷಣೆ ಎಂಬ ಮಾತನ್ನು ತಿರುಗಿಸಿ ನೋಡಿ. ಕಾರಿನೊಳಗಿನ ಅಪಾಯ ಹೊರಗಿನವರ ಕಣ್ಣಿಗೆ ಕಾಣದಂತೆ ಮಾಡುವುದು ಯಾರಿಗೆ ರಕ್ಷಣೆ? 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ಆ ಬಸ್ಸು ಊರಿನ ರಸ್ತೆಗಳಲ್ಲೇ ಸುತ್ತಿತು. ಅದರ ಗಾಜು ಕಪ್ಪಾಗಿತ್ತು, ಕಿಟಕಿಗೆ ಪರದೆಯಿತ್ತು. ಸುಪ್ರೀಂ ಕೋರ್ಟಿನ ತೀರ್ಪು ಬಂದು ಆಗ ಎಂಟು ತಿಂಗಳು ತುಂಬಿರಲಿಲ್ಲ. ಆ ಹುಡುಗಿಯನ್ನು ನೆನೆದರೆ ಇಂದಿಗೂ ಗಂಟಲು ಕಟ್ಟುತ್ತದೆ. ಹೊರಗಿನ ಒಂದು ಜೊತೆ ಕಣ್ಣಿಗೆ ಒಳಗಿನದು ಕಾಣುವಂತಿದ್ದರೆ ಎಂದು ಯಾವ ತಾಯಿಗೆ ಅನ್ನಿಸಿಲ್ಲ? ಹೆಣ್ಣನ್ನು ಕಾಪಾಡುವುದು ಬೆಳಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಪುಟ್ಟ ಮಗು ಸಿಕ್ಕಿಕೊಂಡರೂ ಅಷ್ಟೇ. ಗಾಜು ತಿಳಿಯಾಗಿದ್ದರೆ ದಾರಿಹೋಕರಾದರೂ ನೋಡಿ ಕೂಗಿಕೊಂಡಾರು. ಕಪ್ಪಾಗಿದ್ದರೆ ಯಾರಿಗೆ ಕಾಣಬೇಕು?

ನಮ್ಮ ಶಾಲೆಯ ಗೇಟಿನಲ್ಲಿ ಸಂಜೆ ಗಂಟೆ ಹೊಡೆದಾಗ ಒಂದು ಮಾತನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ: "ಗಾಡಿ ಓಡಿಸುವವರ ಮುಖ ನೋಡಿ, ಅವರು ನಿಮ್ಮನ್ನು ನೋಡಿದರು ಎಂದು ಗೊತ್ತಾದ ಮೇಲೆ ರಸ್ತೆ ದಾಟಿ." ಇದು ಯಾವ ಪಠ್ಯದಲ್ಲೂ ಇಲ್ಲ, ಅನುಭವದಿಂದ ಬಂದದ್ದು. ಕಪ್ಪು ಗಾಜಿನ ಕಾರು ಬಂದಾಗ ಮಕ್ಕಳು ಗೊಂದಲದಿಂದ ನಿಂತುಬಿಡುತ್ತಾರೆ. ಒಳಗೆ ಮುಖವೇ ಇಲ್ಲ. ಅವನು ನಿಲ್ಲಿಸುತ್ತಾನೋ ಬಿಡುತ್ತಾನೋ, ಮೊಬೈಲಿನಲ್ಲಿ ಮಾತಾಡುತ್ತಿದ್ದಾನೋ, ಯಾವುದೂ ತಿಳಿಯದು. ಒಳಗಿನವನ ಗತಿಯೂ ಹಾಗೆಯೇ. ಮಳೆಗಾಲದ ಮುಸ್ಸಂಜೆ, ಬೀದಿದೀಪವಿಲ್ಲದ ಓಣಿ, ಕಪ್ಪು ಗಾಜು. ಕಾರನ್ನು ಹಿಂದಕ್ಕೆ ತೆಗೆಯುವಾಗ ಹಿಂದೆ ನಿಂತ ಎಮ್ಮೆಯೂ ಕಾಣದು, ಮಗುವೂ ಕಾಣದು. ನಾನು ನಲವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತವಳು. ಈ ವಯಸ್ಸಿನ ಕಣ್ಣಿಗೆ ಸಂಜೆಯ ಬೆಳಕು ಇರುವುದೇ ಸಾಲದು. ಅದರಲ್ಲೂ ಅರ್ಧವನ್ನು ದುಡ್ಡು ಕೊಟ್ಟು ಕಳೆದುಕೊಳ್ಳಲೇ?

"ಹಾಗಾದರೆ ಬಿಸಿಲಿಗೆ ಏನು ಮಾಡಬೇಕು?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಕಪ್ಪಾದಷ್ಟೂ ತಂಪು ಎಂಬುದು ನಮ್ಮ ತಪ್ಪು ತಿಳಿವಳಿಕೆ. ಬಿಸಿಲಿನಲ್ಲಿ ಮೂರು ಬಗೆಯ ಕಿರಣಗಳಿವೆ: ಕಣ್ಣಿಗೆ ಕಾಣುವ ಬೆಳಕು, ಚರ್ಮವನ್ನು ಸುಡುವ ನೇರಳಾತೀತ ಕಿರಣ, ಕಾವು ತರುವ ಅವಕೆಂಪು ಕಿರಣ. ಅಗ್ಗದ ಕಪ್ಪು ಫಿಲ್ಮ್ ಮುಖ್ಯವಾಗಿ ತಡೆಯುವುದು ಕಾಣುವ ಬೆಳಕನ್ನು. ಒಳಗೆ ಕತ್ತಲೆಯಾಯಿತು, ಆದ್ದರಿಂದ ತಂಪಾಗಿದೆ ಎಂದು ನಮಗೆ ಅನ್ನಿಸುತ್ತದೆ. ಆ ಹಾಳೆ ತಾನೇ ಕಾವು ಹೀರಿ ಗಾಜನ್ನು ಕಾಯಿಸುತ್ತದೆ, ಆ ಕಾವಿನಲ್ಲಿ ಒಂದು ಪಾಲು ಒಳಗೇ ಬರುತ್ತದೆ. ಸೆರಾಮಿಕ್ ಎಂದು ಕರೆಯುವ ಒಳ್ಳೆಯ ಫಿಲ್ಮುಗಳು ನೋಡಲು ಹೆಚ್ಚುಕಡಿಮೆ ತಿಳಿಯಾಗಿದ್ದು ಅವಕೆಂಪು ಕಿರಣವನ್ನು ತಡೆಯುತ್ತವೆ. ಬೆಲೆ ಹೆಚ್ಚು, ನಿಜ. ಲೋಹದ ಲೇಪವಿರುವ ಫಿಲ್ಮುಗಳೂ ಕಾವು ತಡೆಯುತ್ತವೆ. ಆದರೆ ಅವು ಮೊಬೈಲಿನ ಸಂಕೇತಕ್ಕೂ ಮುಂದಿನ ಗಾಜಿನ ಫಾಸ್ಟ್ಯಾಗಿಗೂ ಅಡ್ಡಿಯಾಗಬಹುದು. ಟೋಲ್ ಗೇಟಿನಲ್ಲಿ ಹಿಂದಿನವರ ಹಾರ್ನಿಗೆ ತಲೆ ಕೆಟ್ಟೀತು. ಇದನ್ನೆಲ್ಲ ತಾನಾಗಿ ಹೇಳುವ ಅಂಗಡಿಯವನು ನಿಮಗೆ ಸಿಕ್ಕರೆ ಅವನಿಗೆ ಕೇಳಿದಷ್ಟು ಕೊಡಿ.

ಸೆರಾಮಿಕ್ಕಿಗೆ ದುಡ್ಡಿಲ್ಲವೇ? ಮನೆಯ ಕೈಗಳಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ, ಮತ್ತು ಇದರಲ್ಲಿ ನಾವು ಯಾವ ಅಂಗಡಿಗೂ ಕಡಿಮೆಯಿಲ್ಲ. ಕಾರನ್ನು ನೆರಳಿನಲ್ಲಿ, ಬೇವಿನ ಮರದ ಕೆಳಗೆ ನಿಲ್ಲಿಸಿ. ನಿಂತ ಕಾರಿನ ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿಬಣ್ಣದ ಮಡಚುವ ಪರದೆ ಹಾಕಿ, ಓಡಿಸುವಾಗ ತೆಗೆದಿಡಿ. ಸೀಟಿಗೆ, ಸ್ಟಿಯರಿಂಗಿಗೆ ಹಳೆಯ ಹತ್ತಿಯ ಬಟ್ಟೆ ಹೊದಿಸಿ. ಹೊರಡುವಾಗ ನಾಲ್ಕೂ ಬಾಗಿಲು ತೆರೆದು ಎರಡು ನಿಮಿಷ ಬಿಸಿಗಾಳಿ ಹೊರಗೆ ಹೋಗಲು ಬಿಟ್ಟು, ಆಮೇಲೆ ಎ.ಸಿ. ಹಾಕಿ. ಇದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ, ಯಾರ ಮಗುವಿಗೂ ಅಪಾಯವಿಲ್ಲ. ಎರಡು ಬೇಸಿಗೆಯಿಂದ ನಾನು ಹೀಗೇ ಶಾಲೆಗೆ ಹೋಗಿ ಬರುತ್ತಿದ್ದೇನೆ.

ಫಿಲ್ಮ್ ಹಾಕಿಸಲೇಬೇಕು ಎನ್ನುವವರು ನೀವಾದರೆ, ಯಜಮಾನರನ್ನು ಕಳಿಸಿ ಮನೆಯಲ್ಲಿ ಕೂಡಬೇಡಿ. ನೀವೇ ಹೋಗಿ. ನನ್ನ ಕಾರಿನ ಗಾಜು ಈಗ ಎಷ್ಟು ಬೆಳಕು ಬಿಡುತ್ತದೆ, ಅಳೆದು ತೋರಿಸಿ ಎಂದು ಕೇಳಿ. ಅಂಟಿಸಿದ ಮೇಲೆ ಎಷ್ಟಾಗುತ್ತದೆ ಎಂದು ಕೇಳಿ. ಆ ಅಂಕಿಯನ್ನು ಬಿಲ್ಲಿನ ಮೇಲೆ ಬರೆದು ಸಹಿ ಮಾಡಿಕೊಡುತ್ತೀರಾ ಎಂದು ಕೇಳಿ. ಗುಳ್ಳೆ ಎದ್ದರೆ, ಬಣ್ಣ ತಿರುಗಿದರೆ ಎಷ್ಟು ವರ್ಷ ನಿಮ್ಮ ಜವಾಬ್ದಾರಿ ಎಂದು ಕೇಳಿ. ಕೊನೆಗೆ ಒಂದು ಪರೀಕ್ಷೆ ಮಾಡಿ. "ಇನ್ನೂ ಕಪ್ಪಾದದ್ದು ಇದ್ದರೆ ಹಾಕಿಬಿಡಿ" ಎಂದು ಹೇಳಿ ನೋಡಿ. ತಕ್ಷಣ ಒಳಗಿನಿಂದ ಕಪ್ಪು ರೋಲು ತಂದರೆ ಚೀಲ ಹೆಗಲಿಗೇರಿಸಿ ಎದ್ದು ಬನ್ನಿ. "ಅದು ಆಗುವುದಿಲ್ಲ ಅಕ್ಕಾ, ನಾನು ಹಾಕುವುದಿಲ್ಲ" ಎಂದರೆ ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳಿ. ಅವನು ಕಸುಬು ಬಲ್ಲವನು.

ನಮ್ಮ ಕಸುಬಿನಲ್ಲೂ ಇದೇ ಅಳತೆಗೋಲು. ಪರೀಕ್ಷೆಯ ಹಿಂದಿನ ದಿನ ಮುಖ್ಯ ಪ್ರಶ್ನೆಗಳನ್ನು ಗುರುತು ಹಾಕಿಕೊಡಿ ಎಂದು ತಂದೆತಾಯಿ ಬಂದು ನಿಂತಾಗ ಹಾಕಿಕೊಡುವವರು ಅವರಿಗೆ ಪ್ರಿಯರಾಗುತ್ತಾರೆ. "ಇಲ್ಲ, ಮಗು ಓದಲಿ" ಎಂದವರಿಗೆ ಮುಖ ಗಂಟಿಕ್ಕುತ್ತಾರೆ. ಹತ್ತು ವರ್ಷದ ನಂತರ ಆ ಮಗು ನಮಸ್ಕಾರ ಮಾಡಿ ನಿಲ್ಲುವುದು ಯಾರ ಮುಂದೆ ಎಂಬುದು ಎಲ್ಲ ಶಿಕ್ಷಕಿಯರಿಗೂ ಗೊತ್ತು.

ಅದಕ್ಕೇ ನನ್ನ ಮನೆಯ ಚರ್ಚೆಯಲ್ಲಿ ನಾನು ಅಂಗಡಿಯ ಪಕ್ಷಕ್ಕೂ ಸೇರಲಿಲ್ಲ, ಅಂಗಳದ ಪಕ್ಷಕ್ಕೂ ಸೇರಲಿಲ್ಲ. ನಮ್ಮ ಊರಿನಲ್ಲಿ ಮೀಟರು ಇಟ್ಟುಕೊಂಡು, ಬಿಲ್ಲಿನ ಮೇಲೆ ಅಂಕಿ ಬರೆದುಕೊಡುವವನು ಸಿಗುವವರೆಗೆ ನನ್ನ ಕಾರಿನ ಗಾಜು ತಿಳಿಯಾಗಿಯೇ ಇರುತ್ತದೆ ಎಂದು ಹೇಳಿ, ರೋಲಿನ ಮಾತನ್ನು ಮುಗಿಸಿದೆ. ಮನೆಯವರು ಎರಡು ದಿನ ಮುನಿಸಿಕೊಂಡಿದ್ದರು. ಇರಲಿ. ಭಾನುವಾರ ನನ್ನ ಪಾಲಿಗೆ ಉಳಿಯಿತು. ಸಂಜೆ ಗೇಟಿನಲ್ಲಿ ನನ್ನ ಕಾರು ಬಂದಾಗ ಮಕ್ಕಳು ಒಳಗೆ ನನ್ನ ಮುಖ ನೋಡಿ, ಕೈ ಬೀಸಿ, ನಾನು ನಿಲ್ಲಿಸಿದೆನೆಂದು ತಿಳಿದುಕೊಂಡು ರಸ್ತೆ ದಾಟುತ್ತಾರೆ. ಅಷ್ಟು ಬೆಳಕನ್ನು ಬಿಟ್ಟುಕೊಡಲು ನಾನು ತಯಾರಿಲ್ಲ, ನೀವೂ ಬಿಟ್ಟುಕೊಡಬೇಡಿ.